ಆಂಜಿಯೋಗ್ರಾಮ್‌ಗೆ ಕಾಣದ ಹೃದಯದ ನೋವು

ಎದೆನೋವೆಂದು ಆಸ್ಪತ್ರೆಗೆ ಹೋದ ತಾಯಂದಿರಲ್ಲಿ ಅನೇಕರಿಗೆ ಆಂಜಿಯೋಗ್ರಾಮ್ ಆದ ಬಳಿಕ ದೊರೆಯುವ ಉತ್ತರ ಒಂದೇ: "ಎಲ್ಲಿಯೂ ಬ್ಲಾಕ್ ಇಲ್ಲ, ಗ್ಯಾಸ್ಟ್ರಿಕ್ ಇರಬೇಕು." ಮನೆಯವರು ಸಮಾಧಾನಪಡುತ್ತಾರೆ. ನೋವು ಮಾತ್ರ ಮರಳಿ ಬರುತ್ತದೆ. ಮೆಟ್ಟಿಲು ಹತ್ತುವಾಗ, ಕೊಡ ಎತ್ತುವಾಗ, ಕೆಲವೊಮ್ಮೆ ಸುಮ್ಮನೆ ಕುಳಿತಿರುವಾಗಲೂ. ಕೊನೆಗೆ ಅದು "ಮನಸ್ಸಿನ ಚಿಂತೆ" ಎನಿಸಿಕೊಳ್ಳುತ್ತದೆ. ಈ ತೀರ್ಮಾನ ಎಷ್ಟೋ ಜನರ ಪಾಲಿಗೆ ಅನ್ಯಾಯವೆಂದು ನಾವು ಭಾವಿಸುತ್ತೇವೆ.

ಆಂಜಿಯೋಗ್ರಾಮ್‌ನಲ್ಲಿ ಸ್ಪಷ್ಟವಾಗಿ ಕಾಣುವುದು ಸುಮಾರು ಅರ್ಧ ಮಿಲಿಮೀಟರಿಗಿಂತ ಅಗಲವಾದ ರಕ್ತನಾಳಗಳು ಮಾತ್ರ. ಹೃದಯದ ಸ್ನಾಯುವಿಗೆ ಅಗತ್ಯವಿದ್ದಷ್ಟು ರಕ್ತವನ್ನು ಅಳೆದು ಹಂಚುವ ಕೆಲಸ ಅದಕ್ಕಿಂತ ಸೂಕ್ಷ್ಮವಾದ ನಾಳಗಳದು. ಮುಖ್ಯ ಕಾಲುವೆ ತುಂಬಿ ಹರಿಯುತ್ತಿದ್ದರೂ ಹೊಲಗಾಲುವೆಯ ತೂಬು ತೆರೆಯದಿದ್ದರೆ ಪೈರು ಬಾಡುತ್ತದೆಯಲ್ಲವೇ? ಇಲ್ಲಿ ಆಗುವುದೂ ಅದೇ.

ತೂಬು ಏಕೆ ತೆರೆಯುವುದಿಲ್ಲ? ಅದರ ಒಂದು ಕಾರಣ ಇನ್ಸುಲಿನ್. ರಕ್ತದಲ್ಲಿನ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವುದಷ್ಟೇ ಅದರ ಕೆಲಸವೆಂದು ನಾವು ತಿಳಿದಿರುತ್ತೇವೆ. ಆದರೆ ರಕ್ತನಾಳದ ಒಳಪದರಕ್ಕೂ ಅದು ಎರಡು ಸೂಚನೆಗಳನ್ನು ನೀಡುತ್ತದೆ. ಒಂದರಿಂದ ನೈಟ್ರಿಕ್ ಆಕ್ಸೈಡ್ ಹುಟ್ಟಿ ನಾಳ ಹಿಗ್ಗುತ್ತದೆ. ಇನ್ನೊಂದರಿಂದ ಎಂಡೋಥೀಲಿನ್ ಹುಟ್ಟಿ ನಾಳ ಕುಗ್ಗುತ್ತದೆ. ಆರೋಗ್ಯವಂತರಲ್ಲಿ ಇವೆರಡೂ ಸಮತೋಲದಲ್ಲಿರುತ್ತವೆ. ಇನ್ಸುಲಿನ್ ಪ್ರತಿರೋಧ ಉಂಟಾದಾಗ ಹಿಗ್ಗಿಸುವ ದಾರಿ ಮಂದವಾಗುತ್ತದೆ, ಕುಗ್ಗಿಸುವ ದಾರಿ ಮಾತ್ರ ಹಾಗೆಯೇ ಉಳಿಯುತ್ತದೆ. ಪ್ರತಿರೋಧವನ್ನು ಮೀರಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ಆ ಹೆಚ್ಚುವರಿಯೂ ಕುಗ್ಗಿಸುವ ದಾರಿಗೇ ಬಲ ಕೊಡುತ್ತದೆ. ಮಧುಮೇಹ ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ಈ ಸ್ಥಿತಿ ಇರಬಹುದಾದ್ದರಿಂದ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಸರಿಯಾಗಿದೆಯೆಂದು ನಿಶ್ಚಿಂತರಾಗಿರುವಂತಿಲ್ಲ.

ಇತಿಹಾಸದಲ್ಲೊಂದು ಕುತೂಹಲದ ಸಂಗತಿಯಿದೆ. ಆಂಜಿಯೋಗ್ರಾಮ್ ಸರಿಯಿದ್ದೂ ಎದೆನೋವು ಅನುಭವಿಸುವವರ ಸ್ಥಿತಿಗೆ 1973ರಲ್ಲಿ ಹಾರ್ವೆ ಕೆಂಪ್ ಎಂಬ ಹೃದ್ರೋಗ ತಜ್ಞರು 'ಸಿಂಡ್ರೋಮ್ ಎಕ್ಸ್' ಎಂದು ಕರೆದರು. 1988ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಜೆರಾಲ್ಡ್ ರೀವನ್ ಅವರು ಇನ್ಸುಲಿನ್ ಪ್ರತಿರೋಧದೊಡನೆ ಬರುವ ದೋಷಗಳ ಗುಂಪಿಗೂ ಅದೇ ಹೆಸರಿಟ್ಟರು. ಹೆಸರು ಒಂದಾದದ್ದು ಆಕಸ್ಮಿಕ. ಆದರೆ ಮೊದಲನೆಯ ಗುಂಪಿನ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ಇನ್ಸುಲಿನ್ ಮಟ್ಟ ಹೆಚ್ಚಿರುವುದು 1990ರ ದಶಕದಲ್ಲಿ ಕಂಡುಬಂದಿತು! ಎಲ್ಲರಲ್ಲಿಯೂ ಇದೇ ಕಾರಣವೆಂದಲ್ಲ; ಅಧಿಕ ರಕ್ತದೊತ್ತಡ, ತಂಬಾಕು, ಮುಟ್ಟು ನಿಂತ ನಂತರದ ಬದಲಾವಣೆಗಳಿಗೂ ಇದರಲ್ಲಿ ಪಾಲಿದೆ.

ಸೂಕ್ಷ್ಮನಾಳಗಳ ಹರಿವನ್ನು ಪೆಟ್ ಸ್ಕ್ಯಾನ್, ಎಂಆರ್‌ಐ ಅಥವಾ ನಾಳದೊಳಗೆ ತೂರಿಸುವ ತೆಳು ತಂತಿಯಿಂದ ಅಳೆಯಬಹುದು. ಆದರೆ ಇವು ಎಲ್ಲ ಊರುಗಳಲ್ಲಿ ದೊರೆಯುವುದಿಲ್ಲ. ಸೊಂಟದ ಸುತ್ತಳತೆಯನ್ನಾದರೂ ಮನೆಯಲ್ಲೇ ನೋಡಿಕೊಳ್ಳಬಹುದು. ನಮ್ಮ ದೇಶದವರಲ್ಲಿ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರು ಮುಟ್ಟಿದರೆ ಎಚ್ಚರಗೊಳ್ಳಬೇಕು. ತೂಕ ಹೆಚ್ಚಿಲ್ಲವೆಂಬ ನೆಪ ಇಲ್ಲಿ ನಡೆಯದು. ಟ್ರೈಗ್ಲಿಸರೈಡ್ ಏರಿ, ಎಚ್‌ಡಿಎಲ್ ಇಳಿದಿದ್ದರೆ ಸಂಶಯ ಮತ್ತಷ್ಟು ಬಲವಾಗುತ್ತದೆ. ಈ ವಿವರಗಳೊಂದಿಗೆ ವೈದ್ಯರನ್ನು ಮತ್ತೊಮ್ಮೆ ಕಂಡು, "ಸೂಕ್ಷ್ಮನಾಳಗಳ ತೊಂದರೆ ಇರಬಹುದೇ?" ಎಂದು ಸಂಕೋಚವಿಲ್ಲದೆ ಕೇಳಿರಿ.

ನಡಿಗೆಯ ಗುಣವೂ ಇಲ್ಲಿಯೇ ಇದೆ. ದುಡಿಯುವ ಸ್ನಾಯು ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು. ಎದೆನೋವಿರುವವರು ಮಾತ್ರ ಎಷ್ಟು ದೂರ, ಎಷ್ಟು ವೇಗವೆಂಬುದನ್ನು ವೈದ್ಯರಲ್ಲಿ ಕೇಳಿಯೇ ಆರಂಭಿಸಬೇಕು.