ಕ್ಲಸ್ಟರ್ ಮತ್ತು ಗ್ರಿಡ್: ಒಂದು ವಿವೇಚನೆ

ಅನೇಕ ಗಣಕಯಂತ್ರಗಳು ಕೂಡಿ ದುಡಿಯುವುದು ಕ್ಲಸ್ಟರಿಗೂ ಗ್ರಿಡ್ಡಿಗೂ ಸಮಾನವಾದ ಲಕ್ಷಣ. ಇವುಗಳ ಭೇದವನ್ನು ಯಂತ್ರಗಳ ಸಂಖ್ಯೆಗಿಂತ ಒಡೆತನದಲ್ಲಿ ಅರಸಬೇಕೆಂದು ನಾವು ಭಾವಿಸುತ್ತೇವೆ. 1994ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದಲ್ಲಿ ನಿರ್ಮಿತವಾದ ಬೇವುಲ್ಫ್ ಕ್ಲಸ್ಟರಿನ 16 ಸಂಸ್ಕಾರಕಗಳು ಒಂದೇ ಸ್ಥಳದಲ್ಲಿ ಒಂದೇ ಆಡಳಿತಕ್ಕೆ ಒಳಪಟ್ಟಿದ್ದವು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ದತ್ತಾಂಶವನ್ನು ಸಂಸ್ಕರಿಸುವ ಗ್ರಿಡ್ಡಾದರೋ ಸುಮಾರು 40 ದೇಶಗಳಲ್ಲಿ ಹರಡಿದೆ. ಅಲ್ಲಿನ ಪ್ರತಿಯೊಂದು ಕೇಂದ್ರವೂ ತನ್ನ ಯಂತ್ರಗಳಿಗೆ ತಾನೇ ಒಡೆಯ. ಆದುದರಿಂದ ಕೆಲಸ ಕಳುಹಿಸಿದವರು ಯಾರೆಂಬುದನ್ನು ಪರಸ್ಪರ ವಿಶ್ವಾಸದಿಂದಲೇ ಅಲ್ಲಿ ನಿರ್ಣಯಿಸಬೇಕಾಗುತ್ತದೆ. ಒಂದೊಂದು ಕಣಸಂಘಟ್ಟನೆಯನ್ನೂ ಬಿಡಿಯಾಗಿ ಪರಿಶೀಲಿಸಬಹುದಾದ್ದರಿಂದ ಆ ಕಾರ್ಯಕ್ಕೆ ಗ್ರಿಡ್ ಒಪ್ಪುತ್ತದೆ. ಹವಾಮಾನದ ಮುನ್ಸೂಚನೆಯಲ್ಲಿ ಲೆಕ್ಕದ ಭಾಗಗಳು ಕ್ಷಣಕ್ಷಣವೂ ಒಂದರ ಫಲಿತವನ್ನು ಇನ್ನೊಂದು ಕಾಯುತ್ತವೆ. ದೂರದ ತಂತಿ ಅಲ್ಲಿ ವಿಳಂಬವನ್ನು ತರುವುದರಿಂದ ಕ್ಲಸ್ಟರೇ ಯೋಗ್ಯ. ಯಂತ್ರಕ್ಕೆ ಹಣ ತೊಡಗಿಸುವ ಮುನ್ನ ಸಂಶೋಧಕರು ತಮ್ಮ ಸಮಸ್ಯೆಯು ಇವೆರಡರಲ್ಲಿ ಯಾವ ಬಗೆಯದೆಂಬುದನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯಕ.