ನಿಮ್ಮ ಹತ್ತು ಆಲ್ಬಂ ಯಾವುವು?

ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಜೀವನದ ಹತ್ತು ಅಚ್ಚುಮೆಚ್ಚಿನ ಮ್ಯೂಸಿಕ್ ಆಲ್ಬಂ ಯಾವುವು? ಹಾಡು ಅಲ್ಲ, ಆಲ್ಬಂ. ಹಾಡು ಅಂದ್ರೆ ಯಾರು ಬೇಕಾದರೂ ಥಟ್ ಅಂತ ಇಪ್ಪತ್ತು ಹೇಳಿಬಿಡ್ತಾರೆ. ಆಲ್ಬಂ ಅಂದ ಕೂಡಲೇ ಮೂರೋ ನಾಲ್ಕೋ ಹೇಳಿ ತಲೆ ಕೆರೆದುಕೊಳ್ತಾರೆ. ನಾನೂ ಕೆರೆದುಕೊಂಡೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಾನು ಕ್ಯಾಮೆರಾ ಮುಂದೆ ಕೂತು ಸುಳ್ಳು ಹೇಳಿದೆ.

ಆಗಿದ್ದು ಇಷ್ಟು. ಹೊಸ ವರ್ಷದ ಹಿಂದಿನ ರಾತ್ರಿ ಒಂದು ಲಘು ಕಾರ್ಯಕ್ರಮ. ರಾಜಕೀಯ ಬೇಡ ಸಾರ್, ನಿಮ್ಮ ಇಷ್ಟದ ಹತ್ತು ಆಲ್ಬಂ ಹೇಳಿ ಅಂತ ನಮ್ಮ ಹುಡುಗರು ಚೀಟಿ ಕೊಟ್ಟರು. ಸ್ಟುಡಿಯೋ ಲೈಟು ಮೈಮೇಲೆ ಬಿದ್ದ ಮೇಲೆ ಮನುಷ್ಯನಿಗೆ ಒಂದು ಥರದ ದೊಡ್ಡಸ್ತಿಕೆ ಬರುತ್ತೆ ನೋಡಿ. ನಾನು ಮೈಲ್ಸ್ ಡೇವಿಸ್ ಅಂದೆ. ಬೀಟಲ್ಸ್ ಅಂದೆ. ಮಾರ್ವಿನ್ ಗೇ ಅಂದೆ. ಮಧ್ಯೆ ಒಬ್ಬ ಹಿಂದೂಸ್ತಾನಿ ಉಸ್ತಾದರನ್ನೂ ಸೇರಿಸಿದೆ. ಕಾರ್ಯಕ್ರಮ ಮುಗಿದು ಮೈಕ್ ಬಿಚ್ಚುವಷ್ಟರಲ್ಲಿ ಊರಿಂದ ಅಕ್ಕನ ಫೋನು.

"ಏನೋ ತಮ್ಮಾ, ಅವನ್ನೆಲ್ಲಾ ಯಾವಾಗ ಕೇಳಿದ್ದಿ ನೀ? ನಮ್ಮ ಮನ್ಯಾಗಂತೂ ಕೇಳಿಲ್ಲ. ಟೀವ್ಯಾಗ ಕುಂತು ಸುಳ್ಳ್ಯಾಕ ಹೇಳ್ತಿ?"

ಕೇಳಿಯೇ ಇಲ್ಲ ಅಂತೇನಲ್ಲ. ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಎರಡು ಸಲ ಕೇಳಿದ್ದೀನಿ. ಒಂದು ಸಲ ದೆಹಲಿ ವಿಮಾನದಲ್ಲಿ. ಅರ್ಧಕ್ಕೆ ನಿದ್ದೆ ಹೋದೆ. ಅದು ಮಹಾನ್ ಆಲ್ಬಂ ಅನ್ನೋದರಲ್ಲಿ ಎರಡು ಮಾತಿಲ್ಲ. 1959ರಲ್ಲಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಎರಡೇ ದಿನದ ಕೆಲಸ. ಡೇವಿಸ್ ತನ್ನ ಸಂಗಡಿಗರಿಗೆ ಪೂರ್ತಿ ಬರೆದ ಸಂಗೀತ ಕೊಡಲಿಲ್ಲ, ಇಂತಿಂಥ ಸ್ವರಗಳ ಮೇಲೆ ನಡೆಯಿರಿ ಅಂತ ಗೆರೆ ಹಾಕಿಕೊಟ್ಟ. ನಮ್ಮ ರಾಗದ ಆಲಾಪ ಕೇಳಿದವರಿಗೆ ಆ ಪದ್ಧತಿ ಹೊಸದು ಅನ್ನಿಸಲ್ಲ. ಇಷ್ಟೆಲ್ಲಾ ನನಗೆ ಗೊತ್ತು. ಆದರೆ ಅದು ನನ್ನ ಅಚ್ಚುಮೆಚ್ಚಾ? ಅಲ್ಲ. ನಾನು ಗೌರವಿಸುವ ಆಲ್ಬಂ. ಗೌರವಕ್ಕೂ ಅಚ್ಚುಮೆಚ್ಚಿಗೂ ವ್ಯತ್ಯಾಸ ಇದೆ. ಕುಲಪತಿಗಳನ್ನ ಗೌರವಿಸ್ತೀವಿ, ಹಾಗಂತ ಅವರ ಜೊತೆ ಗೋಕರ್ಣಕ್ಕೆ ಟ್ರಿಪ್ ಹೋಗ್ತೀವಾ?

ಆವತ್ತಿಂದ ಈ ಪಟ್ಟಿಯನ್ನ ಸರಿಯಾಗಿ ಮಾಡಲೇಬೇಕು ಅಂತ ಕೂತೆ. ಕೂತ ಮೇಲೆ ಗೊತ್ತಾಯ್ತು, ಚುನಾವಣಾ ವಿಶ್ಲೇಷಣೆಯೇ ಸುಲಭ.

ಮೊದಲ ತೊಡಕು ಆಲ್ಬಂ ಅಂದ್ರೇನು ಅನ್ನೋದು. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸ್ತಾ ಇದ್ದಿದ್ದು ಮೂರು ನಿಮಿಷ, ಹೆಚ್ಚೆಂದರೆ ನಾಲ್ಕೈದು. ದೊಡ್ಡ ಕೃತಿಯನ್ನ ಕೇಳಬೇಕಾದರೆ ಹಲವು ತಟ್ಟೆ ಬೇಕು. ಅವನ್ನೆಲ್ಲಾ ಫೋಟೋ ಆಲ್ಬಂ ಥರ ಹೊಲಿದ ಪುಸ್ತಕದ ಜೇಬುಗಳಲ್ಲಿಟ್ಟು ಮಾರ್ತಿದ್ದರು. ಹೆಸರು ಹುಟ್ಟಿದ್ದು ಅಲ್ಲಿಂದ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂತು. ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಪುಸ್ತಕ ಹೋಯ್ತು, ಹೆಸರು ಉಳೀತು. ಒಂದೇ ತಟ್ಟೆಯಲ್ಲಿ ನಲವತ್ತು ನಿಮಿಷ ಸಿಕ್ಕಿದ ಮೇಲೆ ಕಲಾವಿದರ ತಲೆಯಲ್ಲಿ ಬೇರೆ ಯೋಚನೆ ಶುರುವಾಯ್ತು. ಯಾವ ಹಾಡು ಮೊದಲು, ಯಾವುದು ಆಮೇಲೆ, ತಟ್ಟೆ ಮಗುಚುವ ಮೊದಲು ಕೇಳುಗನನ್ನ ಎಲ್ಲಿ ನಿಲ್ಲಿಸಬೇಕು.

ಹಾಗೆ ಯೋಚನೆ ಮಾಡಿ ಕಟ್ಟಿದ್ದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. 1967ರ 'ಕಾಲ್ ಆಫ್ ದಿ ವ್ಯಾಲಿ'. ಸಂತೂರಿನಲ್ಲಿ ಶಿವಕುಮಾರ್ ಶರ್ಮಾ, ಕೊಳಲಲ್ಲಿ ಹರಿಪ್ರಸಾದ್ ಚೌರಾಸಿಯಾ, ಗಿಟಾರಿನಲ್ಲಿ ಬ್ರಿಜಭೂಷಣ್ ಕಾಬ್ರಾ. ಕಾಶ್ಮೀರದ ಕಣಿವೆಯ ಒಬ್ಬ ಕುರುಬನ ಒಂದು ದಿನ, ಅಷ್ಟೇ ಕಥೆ. ಬೆಳಗಿಗೆ ಅಹಿರ್ ಭೈರವ್, ಹೊತ್ತು ಏರಿದ ಹಾಗೆ ನಟ್ ಭೈರವ್, ಹೀಗೆ ರಾಗಗಳೇ ಗಡಿಯಾರ. ಕೊನೆಗೆ ಪಹಾಡಿ. ಇದರಲ್ಲಿ ನಾಲ್ಕನೆಯದನ್ನ ಮೊದಲು ಹಾಕಿದರೆ ಸಂಜೆ ಆದ ಮೇಲೆ ಬೆಳಗಾಗುತ್ತೆ. ಹಾಗಾಗಿ ಇದು ಆಲ್ಬಂ. ಹತ್ತು ಹಿಟ್ ಹಾಡು ಗುಡ್ಡೆ ಹಾಕಿ ಮೇಲೊಂದು ಫೋಟೋ ಅಂಟಿಸಿದರೆ ಅದು ಚೀಲ. ಚೀಲ ಬೇಡ ಅಂತಲ್ಲ, ಸಂತೆಗೆ ಚೀಲವೂ ಬೇಕು. ಈ ಪಟ್ಟಿಯಲ್ಲಿ ಮಾತ್ರ ಬೇಡ.

ಹಾಗಾದರೆ ಸಿನಿಮಾ ಕ್ಯಾಸೆಟ್? ನನ್ನ ಸಹೋದ್ಯೋಗಿಗಳಲ್ಲಿ ಇದಕ್ಕೆ ಜಗಳವೇ ಆಯ್ತು. ಸಿನಿಮಾ ಹಾಡು ಕಥೆಗಾಗಿ ಹುಟ್ಟಿದ್ದು, ಅದು ಆಲ್ಬಂ ಹೇಗಾಗುತ್ತೆ ಅನ್ನೋದು ಒಬ್ಬರ ವಾದ. ನಾನು ಒಪ್ಪಲ್ಲ. ಕನ್ನಡದ ಮನೆಗಳಿಗೆ ಸಂಗೀತ ಬಂದಿದ್ದೇ ಹೆಚ್ಚಾಗಿ ಸಿನಿಮಾ ಬಾಗಿಲಿಂದ. 1987ರ 'ಪ್ರೇಮಲೋಕ' ತಗೊಳ್ಳಿ. ಹಂಸಲೇಖ ಮತ್ತು ರವಿಚಂದ್ರನ್ ಹಾಡಿನಲ್ಲೇ ಕಥೆ ನಡೆಸಿದರು, ಮಾತೂ ಹಾಡು, ಜಗಳವೂ ಹಾಡು. ಸಿನಿಮಾ ನೋಡದವನಿಗೂ ಕ್ಯಾಸೆಟ್ ಕೇಳಿದರೆ ಕಥೆ ಗೊತ್ತಾಗ್ತಿತ್ತು. ಅದನ್ನ ಹೊರಗಿಟ್ಟು ಪಟ್ಟಿ ಮಾಡಿದರೆ ನಮ್ಮ ಕಾಲದವರು ನನ್ನನ್ನ ಬಿಡ್ತಾರಾ? 2006ರ 'ಮುಂಗಾರು ಮಳೆ'ಯೂ ಅಷ್ಟೇ. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಮತ್ತು ಯೋಗರಾಜ್ ಭಟ್ಟರ ಸಾಹಿತ್ಯ. ನನ್ನ ಮಗಳ ಪಟ್ಟಿಯಲ್ಲಿ ಅದು ಒಂದನೇ ನಂಬರು. ನನ್ನದರಲ್ಲಿ ಇಲ್ಲ. ಅದು ಬಂದಾಗ ನನಗೆ ವಯಸ್ಸಾಗಿತ್ತು.

ಇದು ತಮಾಷೆಗೆ ಹೇಳಿದ ಮಾತಲ್ಲ. ಹತ್ತು-ಹನ್ನೆರಡರಿಂದ ಇಪ್ಪತ್ತೈದು-ಮೂವತ್ತು ವಯಸ್ಸಿನ ನಡುವಿನ ನೆನಪುಗಳು ಮನುಷ್ಯನ ತಲೆಯಲ್ಲಿ ಬೇರೆಲ್ಲಕ್ಕಿಂತ ಗಟ್ಟಿಯಾಗಿ ಕೂರ್ತವೆ ಅನ್ನೋದನ್ನ ಮನಃಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಪರೀಕ್ಷೆ, ಮೊದಲ ಸಂಬಳ, ಮೊದಲ ಪ್ರೀತಿ, ಎಲ್ಲಾ ಆ ವಯಸ್ಸಿನಲ್ಲೇ. ಹಾಡು ಅವುಗಳ ಜೊತೆ ಅಂಟಿಕೊಳ್ಳುತ್ತೆ. "ನಮ್ಮ ಕಾಲದ ಹಾಡೇ ಹಾಡು" ಅಂತ ಅಜ್ಜಂದಿರು ಹೇಳೋದು ಸಂಗೀತದ ವಿಮರ್ಶೆ ಅಲ್ಲ, ಅವರ ವಯಸ್ಸಿನ ಸುದ್ದಿ. ನಾನೂ ಈಗ ಅದೇ ಸುದ್ದಿ ಓದ್ತಾ ಇದ್ದೀನಿ.

ಹಾಗಂತ ತಜ್ಞರ ಪಟ್ಟಿ ನೋಡಿ ಬರೆದುಕೊಳ್ಳೋಣ ಅಂದ್ರೆ ಅದೂ ನಿಲ್ಲಲ್ಲ. ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ 2003ರಲ್ಲಿ ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಂ ಅಂತ ಪಟ್ಟಿ ಮಾಡ್ತು. ಒಂದನೇ ಸ್ಥಾನ ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್'ಗೆ. 2020ರಲ್ಲಿ ಹೊಸದಾಗಿ 300ಕ್ಕೂ ಹೆಚ್ಚು ಸಂಗೀತಗಾರರು, ವಿಮರ್ಶಕರಿಂದ ಮತ ಹಾಕಿಸಿದರು. ಒಂದನೇ ಸ್ಥಾನಕ್ಕೆ ಮಾರ್ವಿನ್ ಗೇ ಅವರ 1971ರ 'ವಾಟ್ಸ್ ಗೋಯಿಂಗ್ ಆನ್' ಬಂತು. ಸಾರ್ಜೆಂಟ್ ಪೆಪ್ಪರ್ 24ಕ್ಕೆ ಇಳೀತು. ಹದಿನೇಳು ವರ್ಷದಲ್ಲಿ ಆ ತಟ್ಟೆಯ ಒಂದು ಸ್ವರವೂ ಬದಲಾಗಿಲ್ಲ, ಸ್ವಾಮಿ. ಬದಲಾಗಿದ್ದು ಮತದಾರರು. ಇಪ್ಪತ್ತು ವರ್ಷ ಚುನಾವಣೆ ನೋಡಿದ ನನಗೆ ಇದು ಅರ್ಥ ಆಗಬೇಕಿತ್ತು. ಸ್ಟುಡಿಯೋದಲ್ಲಿ ನಾನು ಹೇಳಿದ ಹೆಸರುಗಳು ಬಂದಿದ್ದು ಇಂಥ ಪಟ್ಟಿಗಳಿಂದಲೇ.

ಇದಕ್ಕಿಂತ ನನಗೆ ಹಿಡಿಸಿದ್ದು ಬಿಬಿಸಿ ರೇಡಿಯೋದ ಒಂದು ಹಳೇ ಕಾರ್ಯಕ್ರಮದ ಉಪಾಯ, 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್'. 1942ರಲ್ಲಿ ಶುರುವಾಗಿದ್ದು. ನೀವು ನಿರ್ಜನ ದ್ವೀಪದಲ್ಲಿ ಒಬ್ಬರೇ ಸಿಕ್ಕಿಕೊಂಡಿದ್ದೀರಿ, ಎಂಟು ರೆಕಾರ್ಡ್ ಮಾತ್ರ ತಗೊಂಡು ಹೋಗಬಹುದು, ಯಾವುದು ಅಂತ ಅತಿಥಿಗೆ ಕೇಳ್ತಾರೆ. ದ್ವೀಪದಲ್ಲಿ ನೋಡೋರು ಯಾರೂ ಇಲ್ಲ. ಹಾಗಾಗಿ ಡೌಲು ಮಾಡಿ ಪ್ರಯೋಜನ ಇಲ್ಲ. ಅತಿಥಿಗಳು ರೇಡಿಯೋದಲ್ಲಿ ಡೌಲು ಮಾಡ್ತಾರೆ, ಅದು ಬೇರೆ ಮಾತು.

ನಾನು ಆ ದ್ವೀಪಕ್ಕೆ ಹೋದೆ. ಅಂದ್ರೆ ಒಂದು ಭಾನುವಾರ ಟೀವಿ ಆರಿಸಿ, ಫೋನು ಮಗಳ ಕೈಗೆ ಕೊಟ್ಟು, ಕಾಗದ ಹಿಡಿದು ಕೂತೆ. ಒಂದೊಂದು ಹೆಸರಿಗೂ ಒಂದೇ ಪರೀಕ್ಷೆ ಇಟ್ಟೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಎರಡು-ಮೂರು ಸೆಕೆಂಡ್ ಮೌನ ಇರುತ್ತಲ್ಲ, ಆ ಮೌನದಲ್ಲಿ ಮುಂದಿನ ಹಾಡು ನನ್ನ ತಲೆಯಲ್ಲಿ ತಾನಾಗಿ ಶುರುವಾಗುತ್ತಾ? ಆದರೆ ಆ ಆಲ್ಬಂ ನನ್ನದು. ಆಗದಿದ್ದರೆ ಅದರ ಒಂದೋ ಎರಡೋ ಹಾಡು ಮಾತ್ರ ನನ್ನದು. ನೀವೂ ಮಾಡಿ ನೋಡಿ. ದೊಡ್ಡ ದೊಡ್ಡ ಹೆಸರುಗಳು ಪಟಪಟ ಅಂತ ಉದುರ್ತವೆ.

ಉಳಿದಿದ್ದರಲ್ಲಿ ಒಂದು 'ನಿತ್ಯೋತ್ಸವ'. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು, 1978ರದು. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಅಂತಲೇ ಅದಕ್ಕೆ ಹೆಸರು. ಪುಸ್ತಕದಲ್ಲಿ ಕವಿತೆ ಓದದ ಲಕ್ಷಾಂತರ ಜನರ ಬಾಯಿಗೆ ಕವಿತೆ ಬಂದಿದ್ದು ಇಂಥ ಕ್ಯಾಸೆಟ್ಟುಗಳಿಂದ.

ಇನ್ನೊಂದು ಭೀಮಸೇನ ಜೋಶಿಯವರ ದಾಸವಾಣಿ. ಗದಗದ ಆ ಹುಡುಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ, ಕಲಿತರೆ ಇಂಥ ಹಾಡು ಕಲೀಬೇಕು ಅಂತ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಓಡಿದ ಕಥೆ ನಿಮಗೆ ಗೊತ್ತಿರಬಹುದು. 1933ರ ಮಾತು. ಯೋಚನೆ ಮಾಡಿ, ಅವರು ಕೇಳಿದ್ದು 78 ಆರ್‌ಪಿಎಂನ ಮೂರು ನಿಮಿಷ. ನಲವತ್ತು ನಿಮಿಷ ಬೇಕಾಗಲೇ ಇಲ್ಲ. ಆಲ್ಬಂ ದೊಡ್ಡದು, ಹಾಡು ಚಿಕ್ಕದು ಅಂತ ಇಷ್ಟು ಹೊತ್ತು ವಾದ ಮಾಡಿದ ನನಗೆ ಈ ಕಥೆ ಸ್ವಲ್ಪ ಅಡ್ಡ ಬರುತ್ತೆ. ಬರಲಿ.

ಮೂರನೆಯದು ಬರೆಯೋಕೆ ಪೆನ್ನು ಎತ್ತಲೇ ಇಲ್ಲ, ಅದಾಗೇ ಬಂತು. 1990ರ 'ಸಂತ ಶಿಶುನಾಳ ಶರೀಫ' ಚಿತ್ರದ ಕ್ಯಾಸೆಟ್, ಸಿ. ಅಶ್ವತ್ಥ್ ಸಂಗೀತದ್ದು. ನಮ್ಮೂರು ಆಗಿನ ಧಾರವಾಡ, ಈಗಿನ ಹಾವೇರಿ ಜಿಲ್ಲೆ. ಶಿಶುನಾಳ ನಮಗೆ ಬಸ್ಸಿನ ದಾರಿ. ಶರೀಫಜ್ಜನ ಪದಗಳನ್ನ ನಮ್ಮಪ್ಪ ಭಜನೆಯಲ್ಲಿ ಹಾಡ್ತಿದ್ದರು, ಅಶ್ವತ್ಥ್ ಹಾಡಿದ ಥರ ಅಲ್ಲ, ಬೇರೆ ಧಾಟಿ. ಕ್ಯಾಸೆಟ್ ಬಂದ ಮೊದಲ ವಾರ ಅಪ್ಪ "ಇದೇನು ಹಿಂಗ್ ಒದರ್ತಾನ" ಅಂದರು. ಎರಡನೇ ವಾರ ಸುಮ್ಮನಾದರು. ಮೂರನೇ ವಾರ ಸಂಜೆ ಹೊಲದಿಂದ ಬಂದು ಕಾಲು ತೊಳೆಯೋ ಮೊದಲೇ "ಹಚ್ಚೋ ಅದನ್ನ" ಅಂದರು.

ಒಂದು ದಿನ ಟೇಪ್‌ರೆಕಾರ್ಡರ್ ಆ ಟೇಪನ್ನ ನುಂಗಿಬಿಡ್ತು. ಕ್ಯಾಸೆಟ್ ಕಾಲದವರಿಗೆ ಆ ಸಂಕಟ ಗೊತ್ತು. ಕಂದು ಬಣ್ಣದ ರೀಲು ಹೊರಗೆಲ್ಲಾ ಚೆಲ್ಲಾಪಿಲ್ಲಿ. ಅಪ್ಪ ಸುಕ್ಕಾದ ಭಾಗವನ್ನ ಕತ್ತರಿಯಿಂದ ಕತ್ತರಿಸಿ, ಎರಡು ತುದಿ ಸೇರಿಸಿ ಸೆಲ್ಲೋಟೇಪ್ ಹಚ್ಚಿ, ಪೆನ್ಸಿಲ್ ತೂರಿಸಿ ಸುತ್ತಿದರು. ಆಮೇಲೆ ಆ ಹಾಡಿನಲ್ಲಿ ಒಂದು ಜಾಗಕ್ಕೆ ಬಂದರೆ ಧ್ವನಿ ಟಪ್ ಅಂತ ಮುಂದಕ್ಕೆ ಹಾರ್ತಿತ್ತು. ಬೆಂಗಳೂರಿಗೆ ಬಂದು ಎಷ್ಟೋ ವರ್ಷದ ಮೇಲೆ ಫೋನಿನಲ್ಲಿ ಆ ಹಾಡನ್ನ ಪೂರ್ತಿ ಕೇಳಿದೆ. ನಡುವೆ ಇದ್ದ ಸಾಲು ಬಂದಾಗ, ಇದ್ಯಾರು ಹೊಸಬರು ನಮ್ಮನೆಯೊಳಗೆ ಬಂದರು ಅನ್ನಿಸ್ತು. ಈಗಲೂ ಆ ಜಾಗಕ್ಕೆ ಬಂದರೆ ನನ್ನ ಕಿವಿ ಹಾರುತ್ತೆ, ಹಾಡು ಹಾರಲ್ಲ.

ಫೋನಿನಲ್ಲಿ ಕೇಳೋರಿಗೆ ಇದು ಆಗಲ್ಲ ಅಂತ ನಾನು ಹೇಳಲ್ಲ. ಅವರಿಗೆ ಬೇರೇನೋ ಆಗುತ್ತೆ. ಆದರೆ ಫೋನು ಹಾಡುಗಳನ್ನ ಇಸ್ಪೀಟು ಎಲೆ ಥರ ಕಲಸಿಬಿಡುತ್ತೆ, ಅದು ತೊಂದರೆ. 2021ರಲ್ಲಿ ಅಡೆಲ್ ಅನ್ನೋ ಇಂಗ್ಲೆಂಡಿನ ಗಾಯಕಿ ತನ್ನ ಹೊಸ ಆಲ್ಬಂ ಬಂದಾಗ ಇದಕ್ಕೇ ತಕರಾರು ತೆಗೆದಳು. ನಾವು ಯೋಚಿಸಿ ಜೋಡಿಸಿದ ಕ್ರಮದಲ್ಲೇ ಕೇಳಿಸಿ ಅಂತ. ಸ್ಪಾಟಿಫೈ ಒಪ್ಪಿತು. ಆಲ್ಬಂ ಪುಟದ ದೊಡ್ಡ ಬಟನ್ ಒತ್ತಿದರೆ ಹಾಡುಗಳು ಈಗ ಮೊದಲಿಂದ ಕ್ರಮವಾಗಿ ಬರ್ತವೆ, ಕಲಸೋದು ನಿಮಗೆ ಬೇಕಿದ್ದರೆ ಮಾತ್ರ. ನಿಮ್ಮ ಪಟ್ಟಿ ಮಾಡೋ ಮೊದಲು ಆ ಬಟನ್ ಒಂದು ಸಲ ನೋಡಿಕೊಳ್ಳಿ.

ನನ್ನ ಪಟ್ಟಿ ಈಗ ಏಳಕ್ಕೆ ನಿಂತಿದೆ. ಮೈಲ್ಸ್ ಡೇವಿಸ್ ಇಲ್ಲ. 'ಕಾಲ್ ಆಫ್ ದಿ ವ್ಯಾಲಿ' ಇದೆ, 'ಪ್ರೇಮಲೋಕ' ಇದೆ. ಹತ್ತು ಆಗಲೇಬೇಕು ಅಂತ ಮೂರನ್ನ ತುರುಕೋದಿಲ್ಲ. ಮೊನ್ನೆ ಅಕ್ಕನಿಗೆ ಫೋನ್ ಮಾಡಿ ಏಳನ್ನೂ ಓದಿದೆ. ಶರೀಫಜ್ಜನ ಕ್ಯಾಸೆಟ್ ಮೊದಲನೇ ನಂಬರು ಅಂದೆ. ಖುಷಿ ಪಡ್ತಾಳೆ ಅಂದುಕೊಂಡಿದ್ದೆ.

"ಅದು ನಿನ್ನ ಕ್ಯಾಸೆಟ್ ಹೆಂಗಾತು? ನಾ ಎಸೆಸೆಲ್ಸಿ ಪಾಸಾದಾಗ ಅಪ್ಪ ನನಗ ತಂದಿದ್ದದು. ಟೇಪ್ ಹರದವ ನೀ."

ಕ್ಯಾಸೆಟ್ ಇನ್ನೂ ಅವಳ ಟ್ರಂಕಿನಲ್ಲೇ ಇದೆಯಂತೆ. ಕೇಳಿದೆ. ಕೊಡಲ್ಲ ಅಂದಳು.