ಉಸುಕಿನ ಕೊಡ ಹೊತ್ತ ದೇವಿ

ನೀರೊಳಗೆ ವಾಸಿಸುವ ದೇವತೆ, ಅವಳಿಗೆ ಹೆದರುತ್ತಲೇ ಕಾಣಿಕೆ ಹಾಕುವ ಜನ, ಮಾತು ಕೇಳುವ ಹಾವು... ಇಂಥ ಮಾಯಾಲೋಕವನ್ನು ನಮ್ಮ ಮಕ್ಕಳು ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳಲ್ಲಿ ಹುಡುಕುತ್ತಾರೆ. ಗದಗ–ಸೊಲ್ಲಾಪುರ ರೈಲು ಮಾರ್ಗದ ಹೊಳೆಆಲೂರಿನಲ್ಲಿ ಇಳಿದರೂ ಅದು ಸಿಕ್ಕೀತು. ಅಲ್ಲಿನ ದೇವತೆ ಮಲಪ್ರಭೆ. ಹೊಳೆಆಲೂರು, ಹೊಳೆಮಣ್ಣೂರು, ಹೊಳೆಹಡಗಲಿ ಎಂದು ಆ ಸೀಮೆಯ ಊರುಗಳು ಹೊಳೆಯನ್ನು ಹೆಸರಿಗೇ ಅಂಟಿಸಿಕೊಂಡಿವೆ.

ಈ ಹೊಳೆಯ ಕಥೆ ಮೇಲೆ, ಸವದತ್ತಿಯ ಕಡೆ ಶುರುವಾಗುತ್ತದೆ. ಜಮದಗ್ನಿಯ ಹೆಂಡತಿ ರೇಣುಕೆ ದಿನವೂ ನಸುಕಿನಲ್ಲಿ ಬಂದು ಹಸಿ ಉಸುಕಿನಿಂದಲೇ ಕೊಡ ಮಾಡುತ್ತಿದ್ದಳಂತೆ. ಹಾವು ಸುತ್ತಿಕೊಂಡು ಅವಳ ತಲೆಗೆ ಸಿಂಬಿಯಾಗುತ್ತಿತ್ತಂತೆ. ಒಂದು ದಿನ ಗಂಧರ್ವರ ನೀರಾಟ ಕಂಡು ಮನಸ್ಸು ಗಳಿಗೆ ಹೊತ್ತು ಕದಲಿತು. ಕೊಡ ಕರಗಿತು, ಹಾವು ಸರಿದುಹೋಯಿತು. ಮುಂದಿನದು ಗೊತ್ತೇ ಇದೆ: ತಂದೆಯ ಆಜ್ಞೆಗೆ ಪರಶುರಾಮ ತಾಯಿಯ ತಲೆ ಕಡಿದ, ವರ ಬೇಡಿ ಮತ್ತೆ ಬದುಕಿಸಿಕೊಂಡ. ಅವನು ಕೊಡಲಿ ತೊಳೆದಾಗ ನೀರು ಕೆಂಪಾಗಿ ಜನ ‘ಅಯ್ಯೋ ಹೊಳೆ’ ಎಂದರೆಂದೂ, ಅದೇ ಐಹೊಳೆಯಾಯಿತೆಂದೂ ಹೇಳುತ್ತಾರೆ. ಐಹೊಳೆ ಇರುವುದು ಇದೇ ಹೊಳೆಯ ಕೆಳದಂಡೆಯಲ್ಲಿ. ಹೊಳೆಆಲೂರು ಕಥೆಯ ನಟ್ಟನಡುವೆ.

ಮನಸ್ಸು ಕದಲಿದ್ದಕ್ಕೆ ತಲೆ ಹೋಗಬೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕೇಳಲಿ. ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಗುಡ್ಡ ಹತ್ತಿ ‘ಉಧೋ’ ಎನ್ನುವುದು ಎಲ್ಲವ್ವನಾದ ಆ ತಾಯಿಗೇ, ತೀರ್ಪು ಕೊಟ್ಟ ಋಷಿಗಲ್ಲ.

ಗುಡ್ಡದ ಮೇಲೆ ಗುಡಿ ಇದೆ, ಪೂಜಾರಿಗಳಿದ್ದಾರೆ. ದಂಡೆಯ ಮನೆಗಳ ಗಂಗವ್ವನಿಗೆ ಎರಡೂ ಬೇಕಿಲ್ಲ. ನೀರಿನ ಅಂಚಿಗೆ ಐದು ಹರಳು ಇಟ್ಟು, ಅರಿಸಿನ ಕುಂಕುಮ ಹಚ್ಚಿದರೆ ಅವಳೇ ಗಂಗವ್ವ. ಹೊಳೆಗೆ ಹೊಸ ನೀರು ಬಂದಾಗ ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಅವಳ ಉಡಿ ತುಂಬುತ್ತಾರೆ, ಥೇಟ್ ಬಸುರಿಗೆ ತುಂಬುವ ಹಾಗೆ. ತುಂಬಿ ಬರುವವಳಿಗೆ ಇನ್ನಾವ ಮರ್ಯಾದೆ?

ಈ ಮರ್ಯಾದೆಯಲ್ಲಿ ಭಯವೂ ಇದೆ. ಬೇಸಿಗೆಯಲ್ಲಿ ಬಡಕಲಾಗಿ ಮಲಗುವ ಹೊಳೆ ಒಂದೇ ರಾತ್ರಿಯಲ್ಲಿ ಬಾಗಿಲಿಗೆ ಬರಬಲ್ಲದು. 1972ರ ಹೊತ್ತಿಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತು. ಅದರ ರೇಣುಕಾಸಾಗರ 37.73 ಟಿಎಂಸಿ ನೀರು ಹಿಡಿಯುತ್ತದೆ. ಇನ್ನು ದೇವಿ ಕಟ್ಟಿನಲ್ಲಿದ್ದಾಳೆ ಅಂದುಕೊಂಡರೆ, ಅಣೆಕಟ್ಟಿನ ಕೆಳಗೆ ಬೆಣ್ಣೆಹಳ್ಳವಿದೆಯಲ್ಲ! ಹೆಸರಷ್ಟೇ ಬೆಣ್ಣೆ. ಹುಬ್ಬಳ್ಳಿ, ನವಲಗುಂದ ಸೀಮೆಯ ಎರೆನೆಲ ಒಮ್ಮೆ ನೆನೆದು ಬಿಗಿದುಕೊಂಡಿತೆಂದರೆ ಮತ್ತೆ ಬಿದ್ದ ಮಳೆಯನ್ನು ಒಳಗೆ ಬಿಟ್ಟುಕೊಳ್ಳದು. ಆ ನೀರೆಲ್ಲ ಹಳ್ಳ ಹಿಡಿದು ರೋಣ ತಾಲ್ಲೂಕಿನ ಮೆಣಸಗಿ ಬಳಿ ಮಲಪ್ರಭೆಗೆ ಬಂದು ಬೀಳುತ್ತದೆ. ದಂಡೆ ಒತ್ತಿ ಉಳುಮೆ ಮಾಡಿದ್ದರಿಂದ ಹೊಳೆಯ ಪಾತ್ರವೂ ಅಲ್ಲಲ್ಲಿ ಕಿರಿದಾಗಿದೆ. ನೀರಿಗೆ ದಾರಿ ಸಾಲದಾದರೆ ಅದು ಊರೊಳಗೇ ನುಗ್ಗಬೇಕು. 2009ರ ಸೆಪ್ಟೆಂಬರ್ ಕೊನೆಯ, ಅಕ್ಟೋಬರ್ ಮೊದಲ ದಿನಗಳಲ್ಲಿ ಹಾಗೇ ನುಗ್ಗಿತು. 2019ರ ಆಗಸ್ಟ್‌ನಲ್ಲಿ ಮತ್ತೊಮ್ಮೆ.

ಮೊದಲ ಪ್ರವಾಹದ ನಂತರ ದಂಡೆಯ ಎಷ್ಟೋ ಸಂಸಾರಗಳಿಗೆ ಎತ್ತರದ ನೆಲದಲ್ಲಿ ಮನೆಗಳಾದವು. ಹೊಳೆ ದೂರವಾಯಿತು, ನಲ್ಲಿ ಹತ್ತಿರವಾಯಿತು. ಬಾಣಂತಿ ಮೊದಲ ಸಲ ಕೊಡ ಹಿಡಿದು ಹೊರಗೆ ಬರುವ ದಿನ ಐದು ಹರಳು ಈಗ ನಲ್ಲಿಯ ಕಟ್ಟೆಯ ಮೇಲೂ ಕೂರುತ್ತವೆ.